ದಖ್ಖನಿನ ಮಳೆಬಿಸಿಲಲ್ಲಿ ಕುದುರೆ: ಹೈದರಾಬಾದಿನ ಲಾಯಗಳ ವರ್ಷ

ಮೇ ತಿಂಗಳಲ್ಲಿ ಹೈದರಾಬಾದಿನ ಕುದುರೆಗಳಿಗೆ ಬೆಳಗಾಗುವುದು ಸೂರ್ಯನಿಗಿಂತ ಮೊದಲು. ಎಂಟು ಗಂಟೆಗೆಲ್ಲ ಬಿಸಿಲು ಚುರುಗುಟ್ಟತೊಡಗುತ್ತದೆ. ಓಟದ ಅಭ್ಯಾಸ, ಸವಾರಿ ತಾಲೀಮು, ಮೈತೊಳೆಯುವುದು ಎಲ್ಲವೂ ಅಷ್ಟರೊಳಗೆ ಮುಗಿದು ಕುದುರೆ ನೆರಳಿಗೆ ಸೇರಿರಬೇಕು. ಮೂಸಿ ನದಿಯ ದಕ್ಷಿಣಕ್ಕಿರುವ ಮಲಕ್‌ಪೇಟೆಯ ರೇಸ್ ಕೋರ್ಸು, ನಗರದ ಪೊಲೀಸ್ ಲಾಯ, ಶಿವರಾಂಪಲ್ಲಿಯ ರಾಷ್ಟ್ರೀಯ ಪೊಲೀಸ್ ಅಕಾಡೆಮಿ, ಊರಾಚೆಯ ಅಜೀಜ್‌ನಗರದ ಪೋಲೋ ಮೈದಾನ, ಹಳೆಯ ಪೇಟೆಯ ಓಣಿಗಳಲ್ಲಿ ಮದುವೆ ಮೆರವಣಿಗೆಗೆಂದು ಕಟ್ಟಿರುವ ಬಿಳಿ ಕುದುರೆಗಳು, ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಲೋಕಗಳು. ಒಂದರ ಕುದುರೆಗೆ ಲಕ್ಷಾಂತರ ರೂಪಾಯಿ ಬೆಲೆ, ಇನ್ನೊಂದರದು ಒಂದು ಸಂಸಾರದ ಹೊಟ್ಟೆಪಾಡು. ಆದರೆ ಬೇಸಿಗೆ, ಮಳೆ, ಚಳಿ ಎಲ್ಲ ಲಾಯಗಳಿಗೂ ಒಂದೇ. ದಖ್ಖನಿನ ಹವೆಗೆ ಕುದುರೆ ಹೊರಗಿನಿಂದ ಬಂದ ಪ್ರಾಣಿ. ಅದನ್ನು ಇಲ್ಲಿ ಚೆನ್ನಾಗಿ ಬಾಳಿಸುವುದಕ್ಕೆ ಪ್ರತಿ ಋತುವಿನಲ್ಲೂ ಮನುಷ್ಯನ ಕಣ್ಣು, ಕೈ ಎರಡೂ ಅದರ ಮೇಲೆ ಇರಬೇಕು.

ಕುದುರೆ ಎಲ್ಲಿಂದ ಬಂತು ಎಂಬುದಕ್ಕೆ ನಮ್ಮ ಮಾತಿನಲ್ಲೇ ಸಾಕ್ಷಿಯಿದೆ. ಕುದುರೆ, ಗೊರಸು, ಕಡಿವಾಣ ಎಂಬ ಹಳೆಯ ಮಾತುಗಳ ಪಕ್ಕದಲ್ಲೇ ಲಗಾಮು, ಜೀನು, ರಿಕಾಪು, ಸವಾರ ಎಂಬ ಪಾರಸಿ, ಅರಬ್ಬಿ ಮೂಲದ ಮಾತುಗಳು ಕೂತಿವೆ. ಅರಬ್ಬೀ ಸಮುದ್ರ ದಾಟಿ ಭಟ್ಕಳ, ಗೋವೆ, ದಾಭೋಳ, ಚೌಲ್ ಬಂದರುಗಳಲ್ಲಿ ಇಳಿದ ಕುದುರೆಗಳು ವಿಜಯನಗರಕ್ಕೂ ಬಹಮನಿ ರಾಜ್ಯಕ್ಕೂ ನಡೆದು ಬಂದವು. ಅವುಗಳ ಜೊತೆ ಅವುಗಳ ಸಾಮಾನಿನ ಹೆಸರುಗಳೂ ಬಂದವು.

ಕುದುರೆಯ ಆರೈಕೆಯನ್ನು ವಿದ್ಯೆಯೆಂದು ಬರೆದಿಟ್ಟವರು ಅದಕ್ಕೂ ಮೊದಲೇ ಈ ನೆಲದಲ್ಲಿದ್ದರು. ಇಂದಿನ ಬಸವಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ‘ವಾಜಿವಾಹ್ಯಾಲಿ ವಿನೋದ’ ಎಂಬ ಭಾಗವೇ ಇದೆ. ಕುದುರೆಯ ಮೇಲೆ ಕೂತು ಕೋಲಿನಿಂದ ಚೆಂಡು ಹೊಡೆಯುವ, ಪೋಲೋವನ್ನು ಹೋಲುವ ಆಟದ ವರ್ಣನೆ ಅಲ್ಲಿ ಬರುತ್ತದೆ. ಹಳೆಗನ್ನಡ, ನಡುಗನ್ನಡ ಕಾವ್ಯಗಳಲ್ಲಿ ಸವಾರಿಗೆ ಬಳಕೆಯಾಗುವ ‘ವೈಹಾಳಿ’ ಈ ವಾಹ್ಯಾಲಿಯ ರೂಪವೇ. ಸುಮಾರು 1400ರಲ್ಲಿ ಅಭಿನವಚಂದ್ರನೆಂಬ ಕವಿ ಕನ್ನಡದಲ್ಲೇ ಅಶ್ವವೈದ್ಯದ ಗ್ರಂಥ ಬರೆದ. ಬಸವಕಲ್ಯಾಣವಿರುವ ಬೀದರ್ ಜಿಲ್ಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ಸಂಸ್ಥಾನದ, ಬಳಿಕ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಹೀಗಾಗಿ ಹೈದರಾಬಾದಿನ ಕುದುರೆಯ ಕಥೆ ಹೇಳಲು ಹೊರಟರೆ ಕನ್ನಡದ ಊರುಗಳನ್ನು ಹಾಯದೆ ಗತಿಯಿಲ್ಲ.

ಆ ಊರುಗಳನ್ನು ಕುದುರೆಯ ಜೊತೆಗೇ ಹಾದು ಹೋದವನು ರಷ್ಯದ ತ್ವೆರ್ ಪಟ್ಟಣದ ವ್ಯಾಪಾರಿ ಅಫನಾಸಿ ನಿಕಿತಿನ್. 15ನೆಯ ಶತಮಾನದ ಉತ್ತರಾರ್ಧದಲ್ಲಿ ಅವನು ಒಂದೇ ಒಂದು ಗಂಡುಕುದುರೆಯನ್ನು ಹಡಗಿನಲ್ಲಿ ತಂದು ಚೌಲ್ ಬಂದರಿನಲ್ಲಿ ಇಳಿಸಿದ. ಮಾರಿ ಲಾಭ ಮಾಡುವುದು ಅವನ ಎಣಿಕೆ. ಜುನ್ನರಿಗೆ ಬರುವಷ್ಟರಲ್ಲಿ ಮಳೆಗಾಲ ಹಿಡಿಯಿತು. ನಾಲ್ಕು ತಿಂಗಳು ಹಗಲಿರುಳೂ ಎಲ್ಲೆಲ್ಲೂ ನೀರು, ಕೆಸರು ಎಂದು ಅವನು ದಾಖಲಿಸಿದ್ದಾನೆ. ಅಲ್ಲಿನ ಅಧಿಕಾರಿ ಕುದುರೆಯನ್ನು ಕಸಿದುಕೊಂಡ, ಇನ್ನೊಬ್ಬರ ಮಧ್ಯಸ್ಥಿಕೆಯಿಂದ ಅದು ಮರಳಿ ಸಿಕ್ಕಿತು. ತಿಂಗಳುಗಟ್ಟಲೆ ಸಾಕಿದ ಮೇಲೆ ಕೊನೆಗೆ ಬೀದರಿನಲ್ಲಿ ಅದನ್ನು ಮಾರಿದ. ಈ ದೇಶದಲ್ಲಿ ಕುದುರೆ ಹುಟ್ಟುವುದಿಲ್ಲ, ಎಮ್ಮೆ ಎತ್ತುಗಳು ಹುಟ್ಟುತ್ತವೆ ಎಂದು ಬರೆದ. ಕುದುರೆಗೆ ಇಲ್ಲಿ ಕಾಳು ತಿನ್ನಿಸುತ್ತಾರೆ, ಸಕ್ಕರೆ ಎಣ್ಣೆ ಹಾಕಿ ಖಿಚಡಿ ಬೇಯಿಸಿ ಕೊಡುತ್ತಾರೆ ಎಂದು ಬೆರಗಾದ. ಈಗಿನ ಕಲಬುರಗಿ ಜಿಲ್ಲೆಯ ಆಳಂದದ ಜಾತ್ರೆಗೆ ಇಪ್ಪತ್ತು ಸಾವಿರದವರೆಗೆ ಕುದುರೆಗಳು ಮಾರಾಟಕ್ಕೆ ಬರುತ್ತವೆ ಎಂಬುದೂ ಅವನದೇ ಮಾತು. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೂ ಮಳೆಗಾಲದ ಕೆಸರು, ಬೇಯಿಸಿದ ಕಾಳು, ವರ್ಷವಿಡೀ ಮೇವಿನ ಖರ್ಚು ಎಂದು ಅವನು ಹೇಳಿಕೊಂಡ ಚಿಂತೆಗಳನ್ನು ಮಲಕ್‌ಪೇಟೆಯ ಲಾಯದವರು ಇಂದಿಗೂ ತಮ್ಮವೇ ಎಂದು ಗುರುತಿಸಿಯಾರು.

ಕುದುರೆ ಇಲ್ಲಿ ಹುಟ್ಟುವುದಿಲ್ಲ ಎಂದ ಅವನ ಮಾತು ಮುಂದೆ ಸುಳ್ಳಾಯಿತು. ಭೀಮಾನದಿಯ ತಡಿಯಲ್ಲಿ, ಅರಬ್ಬೀ ರಕ್ತ ಸ್ಥಳೀಯ ತಟ್ಟುಗಳ ಜೊತೆ ಬೆರೆತು ಬೆಳೆದು ಬಂದ ಗಟ್ಟಿಮುಟ್ಟಾದ ಕುದುರೆಗೆ ‘ಭೀಮಥಡಿ’ ಎಂದೇ ಹೆಸರು. ತಡಿಯೆಂಬ ಮಾತಿನ ಅರ್ಥವನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಮರಾಠಾ ದಂಡುಗಳನ್ನು ಹೊತ್ತು ತಿರುಗಿದ ಈ ತಳಿ ನಂತರ ಪುಣೆ, ಸೊಲ್ಲಾಪುರ, ಸಾತಾರಾ ಕಡೆಯ ಕುರಿಗಾಹಿಗಳ ಹೊರೆ ಹೊರುತ್ತ ಉಳಿಯಿತು. ಬಹುಕಾಲ ಇದನ್ನು ಅಳಿದುಹೋದ ತಳಿಯೆಂದೇ ಬಗೆಯಲಾಗಿತ್ತು. ಇತ್ತೀಚೆಗಷ್ಟೇ ದೇಶದ ಅಧಿಕೃತ ತಳಿಪಟ್ಟಿಯಲ್ಲಿ ಇದಕ್ಕೆ ಸ್ಥಾನ ಸಿಕ್ಕಿದೆ. ಹಳೆಯ ಹೈದರಾಬಾದ್ ಸಂಸ್ಥಾನದ ಇನ್ನೊಂದು ದೊಡ್ಡ ಕುದುರೆ ಸಂತೆ ನಾಂದೇಡ್ ಜಿಲ್ಲೆಯ ಮಾಳೇಗಾವಿನದು. ಚಳಿಗಾಲದ ಮಾರ್ಗಶಿರದಲ್ಲಿ ಖಂಡೋಬನ ಜಾತ್ರೆಗೆ ಕೂಡುವ ಈ ಸಂತೆ ಇಂದಿಗೂ ನಿಂತಿಲ್ಲ. ಖಂಡೋಬನೆಂದರೆ ನಮ್ಮ ಮೈಲಾರನೇ, ಕುದುರೆಯೇರಿದ ದೇವರು.

ಹೈದರಾಬಾದಿನ ಸಮಾಧಿಗಳನ್ನು ನೋಡಲು ಹೋದವರಿಗೆ ಪಾಯಗಾ ಎಂಬ ಹೆಸರು ಗೊತ್ತು. ಕುದುರೆ ಲಾಯ, ರಾವುತಪಡೆ ಎಂಬ ಅರ್ಥದ ಪಾರಸಿ ಪದವದು. ಕನ್ನಡ, ಮರಾಠಿಗಳ ‘ಪಾಗೆ’, ‘ಪಾಗಾ’ಗಳೂ ಅದೇ ಬಳಗದವು. ನಿಜಾಮರ ಸ್ವಂತ ರಾವುತಪಡೆಯನ್ನು ಸಾಕುವ ಹೊಣೆ ಹೊತ್ತ ಮನೆತನಕ್ಕೆ ಆ ಹೆಸರೇ ಅಂಟಿತು. ಆ ಮನೆತನದ ವಿಕಾರ್ ಉಲ್ ಉಮ್ರಾ ಫಲಕ್‌ನುಮಾ ಅರಮನೆ ಕಟ್ಟಿಸಿದವರು. ಅದೀಗ ಹೋಟೆಲು. ಅತಿಥಿಗಳನ್ನು ಹೆಬ್ಬಾಗಿಲಿನಿಂದ ಮೇಲಕ್ಕೆ ಒಯ್ಯುವುದು ಇವತ್ತಿಗೂ ಕುದುರೆ ಸಾರೋಟೇ.

ಸೈನ್ಯದ ಕುದುರೆಗಳ ಕಥೆ ದೊಡ್ಡದು. ಇಲ್ಲಿ ಎರಡೇ ಮಾತು. ನಿಜಾಮರ ರಾವುತಪಡೆಗಳಿಂದ ಬೆಳೆದ ಡೆಕ್ಕನ್ ಹಾರ್ಸ್ ರೆಜಿಮೆಂಟು 1916ರ ಜುಲೈ 14ರಂದು ಫ್ರಾನ್ಸಿನ ಸೋಮ್ ಕದನದ ಹೈ ವುಡ್ ಬಳಿ ಮೆಷಿನ್ ಗನ್ನುಗಳ ಎದುರಿಗೆ ಕುದುರೆ ನುಗ್ಗಿಸಿತು. ಅದೇ ರೆಜಿಮೆಂಟು 1965ರ ಅಸಲ್ ಉತ್ತರ್ ಕಾಳಗದಲ್ಲಿ ಷೆರ್ಮನ್ ಟ್ಯಾಂಕುಗಳ ಮೇಲಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಗೆದ್ದ 15ನೆಯ ರಾವುತ ಬ್ರಿಗೇಡಿನಲ್ಲಿ ಜೋಧಪುರ, ಮೈಸೂರು, ಹೈದರಾಬಾದ್ ಮೂರೂ ಸಂಸ್ಥಾನಗಳ ಲ್ಯಾನ್ಸರುಗಳಿದ್ದರು. ದೆಹಲಿಯ ತೀನ್ ಮೂರ್ತಿ ವೃತ್ತದಲ್ಲಿ ನಿಂತ ಮೂವರು ಸೈನಿಕರು ಪ್ರತಿನಿಧಿಸುವುದು ಈ ಮೂರು ಪಡೆಗಳನ್ನೇ. ಮೈಸೂರಿನವನೂ ಹೈದರಾಬಾದಿನವನೂ ಅಲ್ಲಿ ಅಕ್ಕಪಕ್ಕದಲ್ಲಿದ್ದಾರೆ.

ರೇಸಿನ ಚರಿತ್ರೆ 1868ರಲ್ಲಿ ಮೌಲಾಲಿಯಲ್ಲಿ ಶುರುವಾಗುತ್ತದೆ. 1886ರಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನರು ತಮ್ಮ ಮಹಬೂಬ್ ಮ್ಯಾನ್ಷನ್ ಅರಮನೆಗೆ ಹತ್ತಿರವಾಗಲೆಂದು ಅದನ್ನು ಮಲಕ್‌ಪೇಟೆಗೆ ತಂದರು. ಅವರ ಕಾಲಾನಂತರ ಓಟಗಳು ಸಿಕಂದರಾಬಾದಿಗೆ ಹೋಗಿ, 1960ರ ದಶಕದಲ್ಲಿ ಮತ್ತೆ ಮಲಕ್‌ಪೇಟೆಗೆ ಮರಳಿದವು. ಇಲ್ಲಿ ವರ್ಷಕ್ಕೆ ಎರಡು ಋತು: ಜುಲೈನಿಂದ ಅಕ್ಟೋಬರಿನವರೆಗೆ ಮಳೆಗಾಲದ್ದು, ನವೆಂಬರಿನಿಂದ ಫೆಬ್ರವರಿಯವರೆಗೆ ಚಳಿಗಾಲದ್ದು. ಮಳೆಗಾಲದ ದೊಡ್ಡ ಪಂದ್ಯ ಡೆಕ್ಕನ್ ಡರ್ಬಿ, ಅಕ್ಟೋಬರ್ 2ರಂದು ನಡೆಯುವುದು ವಾಡಿಕೆ. ಬೇಸಿಗೆಯಲ್ಲಿ ಮಲಕ್‌ಪೇಟೆ ಸುಮ್ಮನಾಗುತ್ತದೆ, ಆಗ ರೇಸಿನ ಗದ್ದಲ ತಂಪು ಹವೆಯ ಬೆಂಗಳೂರಿಗೆ ಸರಿಯುತ್ತದೆ. ಬಹಳ ವರ್ಷ ಊಟಿಯೂ ಆ ಸರದಿಯಲ್ಲಿತ್ತು. ಜನ ಜೂಜಿನ ಲೆಕ್ಕದಲ್ಲಿ ನೋಡುವ ಈ ವೇಳಾಪಟ್ಟಿಯ ಹಿಂದೆ ಇರುವುದು ಕುದುರೆಯ ಮೈಬಿಸಿಯ ಲೆಕ್ಕ.

ಆ ಮೈಬಿಸಿಯ ಸಂಗತಿ ಹೀಗಿದೆ. ಆರೋಗ್ಯವಂತ ಕುದುರೆಯ ಮೈತಾಪ 38 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ವಿಶ್ರಾಂತಿಯಲ್ಲಿ ನಾಡಿ ನಿಮಿಷಕ್ಕೆ 28ರಿಂದ 44. ನಾಗಾಲೋಟದಲ್ಲಿ ಅದೇ ನಾಡಿ 200 ದಾಟುತ್ತದೆ. ಮನುಷ್ಯನಂತೆ ಕುದುರೆಯೂ ಬೆವರಿಯೇ ತಂಪಾಗುವ ಪ್ರಾಣಿ. ಅದರ ಬೆವರಿನಲ್ಲಿ ಉಪ್ಪು ನಮ್ಮದಕ್ಕಿಂತ ಹೆಚ್ಚು. ಅದರಲ್ಲಿರುವ ಒಂದು ಪ್ರೋಟೀನಿನಿಂದಾಗಿ ಜೀನಿನ ಅಂಚಿನಲ್ಲಿ, ತೊಡೆಸಂದಿನಲ್ಲಿ ಸೋಪಿನ ಹಾಗೆ ಬಿಳಿ ನೊರೆ ಏಳುತ್ತದೆ. ಸುಮ್ಮನೆ ಕಟ್ಟಿಹಾಕಿದ ಕುದುರೆ ದಿನಕ್ಕೆ 25–30 ಲೀಟರ್ ನೀರು ಕುಡಿದರೆ, ಹೈದರಾಬಾದಿನ ಏಪ್ರಿಲ್ ಮೇ ತಿಂಗಳುಗಳಲ್ಲಿ ದುಡಿಯುವ ಕುದುರೆಗೆ 50 ಲೀಟರೂ ಸಾಲದೆ ಹೋಗಬಹುದು. ಬಕೀಟು ಖಾಲಿಯಾಗಲು ಬಿಡಬಾರದು, ಕಲ್ಲುಪ್ಪಿನ ಗಟ್ಟಿಯನ್ನು ನಾಲಿಗೆಗೆ ಸಿಗುವಂತೆ ಕಟ್ಟಬೇಕು, ಮೈಮೇಲೆ ಸುರಿದ ನೀರನ್ನು ಒತ್ತಿ ಒರೆಸಿ ಮತ್ತೆ ಸುರಿಯಬೇಕು. ಕೆಲವು ಕುದುರೆಗಳು ಬಿಸಿ ಹವೆಯಲ್ಲಿ ಬೆವರುವುದನ್ನೇ ನಿಲ್ಲಿಸಿಬಿಡುತ್ತವೆ. ಮೈ ಒಣಗಿ ಸುಡುತ್ತಿದ್ದು ಮೂಗಿನ ಹೊಳ್ಳೆ ಅರಳಿಸಿ ಏದುಸಿರು ಬಿಡುವ ಕುದುರೆಯ ಮೇಲೆ ಆ ದಿನ ಯಾರೂ ಹತ್ತಕೂಡದು.

ಬೇಸಿಗೆಯ ಇನ್ನೊಂದು ಭಯ ಹೊಟ್ಟೆಶೂಲೆ. ಅಷ್ಟು ದೊಡ್ಡ ಮೈಗೆ ಜಠರ ಮಾತ್ರ ಸಣ್ಣದು, ಹೆಚ್ಚೆಂದರೆ 15 ಲೀಟರ್ ಹಿಡಿಸುವಷ್ಟು. ವಾಂತಿ ಮಾಡಿಕೊಳ್ಳುವ ಶಕ್ತಿ ಕುದುರೆಗಿಲ್ಲ. ನೀರು ಕಡಿಮೆಯಾಗಿ ಒಣಮೇವು ಕರುಳಿನಲ್ಲಿ ಕಟ್ಟಿತೆಂದರೆ ಅದು ಪದೇಪದೇ ಹೊಟ್ಟೆಯ ಕಡೆ ತಿರುಗಿ ನೋಡುತ್ತದೆ, ನೆಲ ಕೆರೆಯುತ್ತದೆ, ಬಿದ್ದು ಹೊರಳುತ್ತದೆ. ವೈದ್ಯರನ್ನು ಕರೆಯಲು ಆಗ ಗಂಟೆಗಳ ಲೆಕ್ಕ. ಹೀಗಾಗಿ ಅನುಭವಿಗಳು ಮೇವನ್ನು ಒಟ್ಟಿಗೆ ಸುರಿಯದೆ ದಿನಕ್ಕೆ ಮೂರು ನಾಲ್ಕು ಸಲ ಹಂಚಿ ಕೊಡುತ್ತಾರೆ: ಹುಲ್ಲು, ಓಟ್ಸ್, ಗೋಧಿ ಬೂಸಾ, ನಮ್ಮ ರೈತರು ಕುದುರೆ ಮಸಾಲೆ ಸೊಪ್ಪು ಎನ್ನುವ ಲೂಸರ್ನ್. ಹುರುಳಿಯನ್ನು ನೆನೆಸಿ ಬೇಯಿಸಿ ಕೊಡುವ ಪದ್ಧತಿ ಗಾಡಿಕುದುರೆಗಳ ಮನೆಗಳಲ್ಲಿ ಉಳಿದಿದೆ. ಹಸಿ ಹುರುಳಿ ಹೊಟ್ಟೆಯಲ್ಲಿ ಉಬ್ಬುತ್ತದೆಂಬ ತಿಳಿವಳಿಕೆ ತಲೆಮಾರುಗಳದು. ತೆಲುಗರ ಉಲವಚಾರು, ನಮ್ಮ ಹುರುಳಿ ಕಟ್ಟಿನ ಸಾರು, ಕುದುರೆಯ ತೊಟ್ಟಿ, ಮೂರಕ್ಕೂ ಕಾಳು ಒಂದೇ.

2025ರ ಬೇಸಿಗೆಯಲ್ಲಿ ಹೈದರಾಬಾದಿನಿಂದ 57 ಕುದುರೆಗಳನ್ನು ರಸ್ತೆ ಮಾರ್ಗವಾಗಿ ಮಧ್ಯಪ್ರದೇಶದ ಜಬಲ್ಪುರಕ್ಕೆ ಸಾಗಿಸಲಾಯಿತು. ತಲುಪಿದ ಕೆಲವೇ ದಿನಗಳಲ್ಲಿ ಅವುಗಳಲ್ಲಿ ಹಲವು ಸತ್ತವು, ವಿಷಯ ಹೈಕೋರ್ಟಿನ ಮೆಟ್ಟಿಲೇರಿತು. ಮೇ ತಿಂಗಳ ದಖ್ಖನಿನಲ್ಲಿ ದೂರ ಪ್ರಯಾಣವೇ ಕುದುರೆಗೆ ಒಂದು ಗಂಡಾಂತರ. ಈ ಘಟನೆಯ ನಂತರವಾದರೂ ಅದನ್ನು ಹಗುರವಾಗಿ ಎಣಿಸುವಂತಿಲ್ಲ.

ಜೂನಿನಲ್ಲಿ ಮೊದಲ ಮಳೆ ಬಿದ್ದು ನೆಲ ಮೆತ್ತಗಾದಾಗ ಕುದುರೆಗಳು ಕಿವಿ ನೆಟ್ಟಗೆ ಮಾಡಿ ಕುಣಿಯುತ್ತವೆ. ಪ್ರವಾಹದ ಮೂಸಿಗೆ ಕುದುರೆ ಇಳಿಸಿ ಪ್ರಿಯತಮೆಯ ಕಡೆಗೆ ಹೋದ ರಾಜಕುಮಾರನ ಕಥೆ ಹೈದರಾಬಾದಿನಲ್ಲಿ ಎಲ್ಲರಿಗೂ ಗೊತ್ತು. ಮಗನ ಜೀವಕ್ಕೆ ಅಂಜಿದ ತಂದೆ 1578ರಲ್ಲಿ ಪುರಾನಾ ಪುಲ್ ಕಟ್ಟಿಸಿದನೆಂಬುದು ಐತಿಹ್ಯ. ಸೇತುವೆಯಂತೂ ನಿಜ, ಈಗಲೂ ನಿಂತಿದೆ. ಆದರೆ ಲಾಯದವರಿಗೆ ಮಳೆಗಾಲದಲ್ಲಿ ಶೃಂಗಾರಕ್ಕೆ ಪುರಸೊತ್ತಿಲ್ಲ. ವರ್ಷದ ಅತ್ಯಂತ ಕಷ್ಟದ ನಾಲ್ಕು ತಿಂಗಳು ಇವೇ.

ಮಳೆಗಾಲದ ಬೆಳಗ್ಗೆ ಕುದುರೆ ನೋಡಿಕೊಳ್ಳುವ ಸಯೀಸನೊಬ್ಬನ ಕೆಲಸವನ್ನು ಹತ್ತಿರದಿಂದ ನೋಡಬೇಕು. ಅವನು ಕುದುರೆಯ ಎಡಭುಜಕ್ಕೆ ತನ್ನ ಭುಜ ತಾಗಿಸಿ, ಬಾಲದ ಕಡೆ ಮುಖ ಮಾಡಿ ನಿಲ್ಲುತ್ತಾನೆ. ಕೈಯನ್ನು ಭುಜದಿಂದ ಕೆಳಕ್ಕೆ ಸವರುತ್ತ ಗಿಣ್ಣಿನವರೆಗೆ ತಂದು ಮೆಲ್ಲಗೆ ಹಿಸುಕುತ್ತಾನೆ. ಕುದುರೆ ತಾನಾಗಿಯೇ ಕಾಲೆತ್ತಿ ಅವನ ತೊಡೆಯ ಮೇಲೆ ಇಡುತ್ತದೆ. ಗೊರಸಿನ ಅಡಿಯಲ್ಲಿ, ಲಾಳದ ಒಳಗೆ, ಮೆತ್ತನೆಯ ರಬ್ಬರಿನಂಥ ತ್ರಿಕೋನವೊಂದಿದೆ. ಅದರ ಎರಡೂ ಬದಿಯ ಸಂದಿನಲ್ಲಿ ರಾತ್ರಿಯ ಲದ್ದಿ, ಮಣ್ಣು ಗಟ್ಟಿಯಾಗಿ ಮೆತ್ತಿರುತ್ತದೆ. ಕಬ್ಬಿಣದ ಕೊಕ್ಕೆಯಿಂದ ಹಿಮ್ಮಡಿಯಿಂದ ಮುಂದಕ್ಕೆ ಎಳೆದು ಅದನ್ನು ಬಿಡಿಸಿ, ಬಗ್ಗಿ ಮೂಸಿ ನೋಡುತ್ತಾನೆ. ಕೊಳೆತ ವಾಸನೆ, ಕಪ್ಪು ಕೀವು ಕಂಡಿತೋ, ಗೊರಸು ಕೊಳೆಯಲು ಶುರುವಾಗಿದೆಯೆಂದೇ ಅರ್ಥ. ಆಗ ತೊಳೆದು, ಒಣಗಿಸಿ, ಔಷಧಿ ಹಚ್ಚಿ, ಅಡಿಯ ಹಾಸುಹುಲ್ಲು ಪೂರ್ತಿ ತೆಗೆದು ಹೊಸದು ಹಾಸಬೇಕು. ದಿನಕ್ಕೆ ಎರಡು ಸಲ, ನಾಲ್ಕು ಕಾಲಿಗೂ ಇದೇ ಕೆಲಸ. ಸವಾರ ಬೀಗುವ ವೇಗವೆಲ್ಲ ಬಗ್ಗಿದ ಈ ಬೆನ್ನಿನ ದುಡಿಮೆಯ ಮೇಲೆ ನಿಂತಿದೆ. ನವಾಬರ, ಜಾಕಿಗಳ ಹೆಸರುಗಳಿಂದ ತುಂಬಿದ ಹೈದರಾಬಾದಿನ ಕುದುರೆ ಚರಿತ್ರೆಯಲ್ಲಿ ಸಯೀಸರ ಹೆಸರು ಹುಡುಕಿದರೂ ಸಿಗದಿರುವುದು ದೊಡ್ಡ ಅನ್ಯಾಯ.

ಲಾಳದ ಕೆಲಸ ನಾಲ್‌ಬಂದನದು. ಗೊರಸು ನಮ್ಮ ಉಗುರಿನಂತೆ ಬೆಳೆಯುತ್ತಲೇ ಇರುವುದರಿಂದ ನಾಲ್ಕರಿಂದ ಆರು ವಾರಕ್ಕೊಮ್ಮೆ ಲಾಳ ಕಿತ್ತು, ಗೊರಸು ಕತ್ತರಿಸಿ, ಮತ್ತೆ ಹೊಡೆಯಬೇಕು. ಮೊಳೆ ಹೋಗಬೇಕಾದದ್ದು ನೋವಿಲ್ಲದ ಹೊರಗೋಡೆಯಲ್ಲಿ ಮಾತ್ರ. ಒಂದು ನೂಲು ಒಳಗೆ ಹೋದರೂ ಕುದುರೆ ಕುಂಟುತ್ತದೆ. ರೇಸಿನ ದಿನ ಹಗುರವಾದ ಅಲ್ಯುಮಿನಿಯಂ ಲಾಳ, ಡಾಂಬರು ರಸ್ತೆಯ ಗಾಡಿಕುದುರೆಗೆ ಕಬ್ಬಿಣದ್ದು.

ಮಳೆ ಬಿಡುವು ಕೊಟ್ಟಾಗ ನೊಣಗಳ ಸರದಿ. ಕುದುರೆನೊಣ ಕಚ್ಚಿ ಹರಡುವ ‘ಸರ್ರಾ’ ರೋಗದಲ್ಲಿ ಜ್ವರ ಬಂದು ಹೋಗಿ ಮಾಡುತ್ತದೆ, ಕಾಲು ಹೊಟ್ಟೆಗಳಲ್ಲಿ ನೀರು ತುಂಬುತ್ತದೆ, ತಿನ್ನುತ್ತಿದ್ದರೂ ಕುದುರೆ ಸೊರಗುತ್ತದೆ. ರಕ್ತದಲ್ಲಿ ಈಜಾಡುವ ಇದರ ಏಕಕೋಶ ಜೀವಿಯನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯ ಪಂಜಾಬಿನಲ್ಲಿ ಕಂಡುಹಿಡಿದ. ಹದಿನೇಳು ವರ್ಷದ ಬಳಿಕ, 1897ರ ಆಗಸ್ಟ್ 20ರಂದು, ರೊನಾಲ್ಡ್ ರಾಸ್ ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ಜೀವಿಯನ್ನು ಕಂಡದ್ದು ಸಿಕಂದರಾಬಾದಿನಲ್ಲೇ. ಲಾಯದ ಸುತ್ತ ನೀರು ನಿಲ್ಲದಂತೆ, ಲದ್ದಿ ರಾಶಿಬೀಳದಂತೆ ನೋಡಿಕೊಳ್ಳುವುದು ಕುದುರೆಗೂ ಕ್ಷೇಮ, ಸಯೀಸನ ಮಕ್ಕಳಿಗೂ ಕ್ಷೇಮ. ಮನುಷ್ಯರಿಗೂ ಅಂಟುವ ಗ್ಲಾಂಡರ್ಸ್ ಇನ್ನೂ ಭಯಂಕರ. ಅದಕ್ಕೆ ಲಸಿಕೆಯಿಲ್ಲ, ರೋಗ ದೃಢಪಟ್ಟ ಕುದುರೆಯನ್ನು ಕಾನೂನಿನ ಪ್ರಕಾರ ಕೊಲ್ಲಲೇಬೇಕು. ಹೀಗಾಗಿ ಬಾಡಿಗೆ ಕುದುರೆಯವರು ರಕ್ತಪರೀಕ್ಷೆಗೆ ಹೆದರುತ್ತಾರೆ. ಸರ್ಕಾರದ ಪರಿಹಾರ ಕುದುರೆಯ ನಿಜ ಬೆಲೆಗೆ ಹತ್ತಿರ ಬರುವವರೆಗೆ ಈ ಹೆದರಿಕೆ ಹೋಗದು.

ಚಳಿಗಾಲ ಹೈದರಾಬಾದಿನ ಕುದುರೆಗಳಿಗೆ ಸುಖದ ಕಾಲ. ರಾತ್ರಿಗೊಂದು ಕಂಬಳಿ, ಬೆಳಗಿನ ಮಂಜಿನಲ್ಲಿ ಮೂಗಿನಿಂದ ಹೊಗೆಯಾಡುವ ಉಸಿರು, ಹದವಾದ ನೆಲ. ಪೋಲೋ, ರೇಸು, ಸವಾರಿ ಶಾಲೆಗಳೆಲ್ಲ ಆಗ ತುಂಬಿ ತುಳುಕುತ್ತವೆ. ಆದರೆ ಮದುವೆ ಕುದುರೆಗೆ ಅದೇ ದುಡಿಮೆಯ ಸುಗ್ಗಿ. ಕುದುರೆಯ ಕಣ್ಣು ತಲೆಯ ಎರಡು ಬದಿಗಿದ್ದು ಹೆಚ್ಚುಕಡಿಮೆ ಸುತ್ತಲೂ ಕಾಣುತ್ತದೆ, ಕಿವಿ ನಮಗೆ ಕೇಳದ ಸದ್ದನ್ನೂ ಹಿಡಿಯುತ್ತದೆ. ಅಂಥ ಪ್ರಾಣಿಯನ್ನು ಬ್ಯಾಂಡು, ಪಟಾಕಿ, ಲೈಟುಗಳ ನಡುವೆ ನಡುರಾತ್ರಿಯವರೆಗೆ ನಿಲ್ಲಿಸಿಟ್ಟಿರುತ್ತೇವೆ. ಬರಾತಿಗೆ ಕುದುರೆ ಗೊತ್ತುಮಾಡುವ ಮನೆಯವರು ಒಂದು ಬಕೀಟು ನೀರು, ಪಟಾಕಿಯಿಂದ ದೂರ, ಗಂಟೆಗೊಮ್ಮೆ ವಿಶ್ರಾಂತಿ ಎಂಬ ಮೂರು ಮಾತನ್ನು ಮುಂಗಡ ಕೊಡುವಾಗಲೇ ಆಡಿ ಮುಗಿಸುವುದು ಒಳ್ಳೆಯದು.

ಸವಾರಿ ಕಲಿಯುವವರ ಸಂಖ್ಯೆ ನಗರದಲ್ಲಿ ಈಗ ಕಡಿಮೆಯೇನಿಲ್ಲ. 1975ರಲ್ಲಿ ಮೌಂಟ್ ಅಬುವಿನಿಂದ ಹೈದರಾಬಾದಿಗೆ ಬಂದ ಪೊಲೀಸ್ ಅಕಾಡೆಮಿಯಲ್ಲಿ ಐಪಿಎಸ್ ತರಬೇತಿಗೆ ಬರುವವರು, ಅವರಲ್ಲಿ ಕನ್ನಡದ ಹುಡುಗ ಹುಡುಗಿಯರೂ ಉಂಟು, ಕುದುರೆ ಹತ್ತಲೇಬೇಕು. ಹತ್ತುವುದು ಎಡಗಡೆಯಿಂದ, ಸೊಂಟದ ಎಡಕ್ಕೆ ಕತ್ತಿ ಕಟ್ಟುತ್ತಿದ್ದ ಕಾಲದ ರೂಢಿಯದು. ಹತ್ತುವ ಮುಂಚೆ ಜೀನಿನ ಹೊಟ್ಟೆಪಟ್ಟಿಯಲ್ಲಿ ಎರಡು ಬೆರಳು ತೂರುತ್ತವೆಯೇ ಎಂದು ನೋಡಬೇಕು. ಕೂತ ಮೇಲೆ ಕಿವಿ, ಭುಜ, ಸೊಂಟ, ಹಿಮ್ಮಡಿ ಒಂದೇ ಗೆರೆಯಲ್ಲಿರಬೇಕು. ನಡಿಗೆ, ದುಲ್ಕಿ, ಕ್ಯಾಂಟರ್, ನಾಗಾಲೋಟ ಎಂಬ ನಾಲ್ಕು ಗತಿಗಳಲ್ಲಿ ಹೊಸಬರ ಸೊಂಟ ಮುರಿಯುವುದು ದುಲ್ಕಿಯೇ. ಕುದುರೆಯ ಹೆಜ್ಜೆಗೆ ತಕ್ಕಂತೆ ಏಳುತ್ತ ಕೂರುತ್ತ ಹೋಗುವ ಲಯ ಕೂಡಿಬರಲು ವಾರಗಳು ಬೇಕು. ಈ ವಿದ್ಯೆ ಎಲ್ಲಿಯವರೆಗೆ ಒಯ್ಯಬಲ್ಲದೆಂಬುದಕ್ಕೆ ಬೆಂಗಳೂರಿನ ಫವಾದ್ ಮಿರ್ಜಾ ಇದ್ದಾರೆ. 2018ರ ಏಷ್ಯನ್ ಗೇಮ್ಸಿನಲ್ಲಿ ಎರಡು ಬೆಳ್ಳಿ ಗೆದ್ದು, ಟೋಕಿಯೋ ಒಲಿಂಪಿಕ್ಸಿನಲ್ಲಿ 23ನೆಯವರಾಗಿ ಮುಗಿಸಿದವರು.

ಓಡಲಾಗದ, ಹೊರಲಾಗದ ಕುದುರೆ ಏನಾಗುತ್ತದೆ ಎಂಬುದಕ್ಕೆ ರೇಸಿನ ಲೋಕ ಇನ್ನೂ ತೃಪ್ತಿಕರವಾಗಿ ಉತ್ತರಿಸಿಲ್ಲ. ಆರೈಕೆಯಿದ್ದರೆ ಕುದುರೆ 25–30 ವರ್ಷ ಬದುಕುತ್ತದೆ, ಅದರ ರೇಸಿನ ಆಯುಷ್ಯ ಕೆಲವೇ ವರ್ಷ. ಸವಾರಿ ಶಾಲೆಗೆ ಹೋದವು ಅದೃಷ್ಟವಂತವು.

ಇನ್ನೊಂದು ಕೆಲಸದ ಕುದುರೆಗಳನ್ನು ಯಾರೂ ಹತ್ತುವುದಿಲ್ಲ, ಅವುಗಳ ಹೆಸರೂ ಹೊರಗೆ ಕೇಳಿಸುವುದಿಲ್ಲ. ಹಾವಿನ ವಿಷಕ್ಕೆ ಮದ್ದು ತಯಾರಾಗುವುದು ಅವುಗಳ ಮೈಯಲ್ಲಿ. ಹೈದರಾಬಾದಿನಲ್ಲೂ ಇಂಥ ಔಷಧ ತಯಾರಿಸುವ ಕಂಪನಿಯಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ಶುರುಮಾಡಿ ಸ್ವಲ್ಪಸ್ವಲ್ಪವೇ ಹೆಚ್ಚಿಸುತ್ತ ಕುದುರೆಗೆ ಚುಚ್ಚುತ್ತಾರೆ. ಅದರ ರಕ್ತದಲ್ಲಿ ಪ್ರತಿವಿಷ ಹುಟ್ಟಿದ ಮೇಲೆ ರಕ್ತ ತೆಗೆದು, ಬೇಕಾದ ದ್ರವವನ್ನು ಬೇರೆ ಮಾಡಿ ಶುದ್ಧಗೊಳಿಸುತ್ತಾರೆ. ನಮ್ಮಲ್ಲಿ ಹಾವು ಕಡಿತ ಹೆಚ್ಚುವುದು ಮಳೆಗಾಲದಲ್ಲಿ, ರೈತ ಹೊಲಕ್ಕೆ ಇಳಿದ ಹೊತ್ತಿನಲ್ಲಿ. ರಾಯಚೂರು, ಯಾದಗಿರಿ, ಕಲಬುರಗಿಯ ಆಸ್ಪತ್ರೆಗಳಲ್ಲಿ ಆ ತಿಂಗಳುಗಳಲ್ಲಿ ಡ್ರಿಪ್ಪಿನೊಳಗೆ ಹನಿಯುವ ಪ್ರತಿವಿಷ ಯಾವುದೋ ಲಾಯದಲ್ಲಿ ನಿಂತ ಕುದುರೆಯ ರಕ್ತದಿಂದ ಬಂದದ್ದು.